ನೀರಿಗೆ ಒಲಿದ ಹಿಟ್ಟು

1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೋಲರೋಲ್ ಕಂಪನಿಗೆ ಮುಟ್ಟಿದರೆ ಕಾಗದದಂತೆ ಅನ್ನಿಸುವ ಪ್ಲಾಸ್ಟಿಕ್ ಚೀಲ ಬೇಕಾಗಿತ್ತು. ಅಂಗಡಿಗಳಲ್ಲಿ ಕಾಗದದ ಚೀಲದ ಜಾಗಕ್ಕೆ ಪಾಲಿಥೀನ್ ಚೀಲ ಬಂದು ಕೂರುತ್ತಿದ್ದ ಕಾಲ ಅದು. ಪಾಲಿಥೀನ್ ಅಗ್ಗ, ಗಟ್ಟಿ, ಮಳೆಗೆ ಹೆದರುವುದಿಲ್ಲ. ಆದರೆ ಕೈಯಲ್ಲಿ ಜಾರುತ್ತದೆ, ಒಂದು ಹಾಳೆ ಇನ್ನೊಂದಕ್ಕೆ ಅಂಟಿಕೊಂಡರೆ ಬಿಡಿಸಲು ಉಗುರು ಬೇಕು, ಅಂಗಡಿಯ ಹೆಸರು ಅಚ್ಚು ಹಾಕಿದರೆ ಶಾಯಿ ನಿಲ್ಲುವುದಿಲ್ಲ. ಲಂಡನ್ನಿನ ಪಶ್ಚಿಮದಂಚಿನ ಅಕ್ಸ್‌ಬ್ರಿಜ್‌ನಲ್ಲಿರುವ ಬ್ರೂನೆಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಗ್ರಿಫಿನ್ ಈ ತೊಂದರೆಗೆ ಮದ್ದು ಹುಡುಕುತ್ತ ಪಾಲಿಥೀನಿಗೆ ಪಿಷ್ಟದ ಪುಡಿ ಬೆರೆಸಿ ನೋಡಿದರು. ಹಾಳೆಯ ಮೈ ತುಸು ಒರಟಾಯಿತು, ಶಾಯಿ ಹಿಡಿಯಿತು. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಪಿಷ್ಟವೆಂದರೆ ಊಟ, ಹಾಗಾಗಿ ಈ ಚೀಲ ಮಣ್ಣಲ್ಲಿ ಸವೆಯಬಹುದು ಎಂಬ ವಿಚಾರ ಮುಂದೆ ಬಂದದ್ದು ಆಮೇಲೆ.

ಇಂದು ‘ಗೊಬ್ಬರವಾಗುವ ಚೀಲ’ ಎಂದು ತರಕಾರಿ ಅಂಗಡಿಯಲ್ಲಿ ಕೈಗೆ ಬರುವ ಮಬ್ಬು ಬಿಳಿಯ, ಮೆತ್ತನೆಯ ಚೀಲದ ವಂಶಾವಳಿಯ ಒಂದು ಮುಖ್ಯ ಕವಲು ಶುರುವಾಗುವುದು ಹೀಗೆ, ಶಾಯಿ ನಿಲ್ಲಲಿ ಎಂಬ ಆಸೆಯಿಂದ.

ಗ್ರಿಫಿನ್‌ಗೆ ಎದುರಾದ ಮೊದಲ ಶತ್ರು ನೀರು. ಅಂಗಡಿಯಿಂದ ತಂದ ಮೆಕ್ಕೆಜೋಳದ ಪಿಷ್ಟ ಮುಟ್ಟಲು ಎಷ್ಟೇ ಒಣಗಿದಂತಿದ್ದರೂ ಅದರ ತೂಕದ ಶೇಕಡ 10ಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಪಾಲಿಥೀನನ್ನು ಕರಗಿಸಿ, ಬಲೂನಿನಂತೆ ಊದಿ ತೆಳು ಹಾಳೆ ಮಾಡುವ ಯಂತ್ರದ ಬಿಸಿ ನೀರು ಕುದಿಯುವ ಬಿಸಿಗಿಂತ ಎಷ್ಟೋ ಮೇಲಿನದು. ಆ ಬಿಸಿಯಲ್ಲಿ ಪಿಷ್ಟದೊಳಗಿನ ನೀರು ಆವಿಯಾಗಿ ಹಾಳೆಯ ತುಂಬ ಗುಳ್ಳೆ, ತೂತು. ಆದ್ದರಿಂದ ಪಿಷ್ಟವನ್ನು ಶೇಕಡ 1ಕ್ಕೂ ಕಡಿಮೆ ತೇವಕ್ಕೆ ಒಣಗಿಸಬೇಕಾಯಿತು. ಎರಡನೆಯ ತೊಡಕು ಸ್ವಭಾವದ್ದು. ಪಾಲಿಥೀನ್ ಎಣ್ಣೆಯ ಜಾತಿ, ಪಿಷ್ಟ ನೀರಿನ ಜಾತಿ. ಎರಡನ್ನೂ ಎಷ್ಟೇ ಕಲಸಿದರೂ ಕಣದ ಸುತ್ತ ಒಂದು ಸಣ್ಣ ಸಂದು ಉಳಿದೇ ಉಳಿಯುತ್ತದೆ, ಎಳೆದಾಗ ಹಾಳೆ ಅಲ್ಲಿಂದಲೇ ಹರಿಯುತ್ತದೆ. ಗ್ರಿಫಿನ್ ಪ್ರತಿ ಕಣದ ಮೈಗೂ ಸಿಲಿಕಾನ್ ಸಂಯುಕ್ತವೊಂದರ ತೆಳು ಲೇಪ ಕೊಟ್ಟು, ಅದು ನೀರನ್ನು ದೂಡಿ ಪಾಲಿಥೀನಿನ ಜೊತೆ ಹೊಂದಿಕೊಳ್ಳುವಂತೆ ಮಾಡಿದರು. 1977ರಲ್ಲಿ ಅವರಿಗೆ ಸಿಕ್ಕ ಅಮೆರಿಕದ ಪೇಟೆಂಟ್‌ಗಳಲ್ಲಿ ಈ ಉಪಾಯವಿದೆ. ಜೊತೆಗೆ ಇನ್ನೊಂದೂ ಇದೆ: ಹಾಳೆಯಲ್ಲಿ ಕೊಬ್ಬಿನಂಶ ಬೆರೆಸಿಟ್ಟರೆ ಅದು ಮಣ್ಣಿನಲ್ಲಿರುವ ಲೋಹದ ಲವಣಗಳ ಸಹವಾಸದಲ್ಲಿ ಗಾಳಿಯ ಆಮ್ಲಜನಕ ಹೀರಿ ಪಾಲಿಥೀನಿನ ಉದ್ದ ಸರಪಳಿಯನ್ನೂ ತುಂಡರಿಸೀತು ಎಂಬ ಲೆಕ್ಕಾಚಾರ.

ಕಣದ ಗಾತ್ರವೂ ಮುಖ್ಯವಾಯಿತು. ಚೀಲದ ಹಾಳೆಯ ದಪ್ಪ 50 ಮೈಕ್ರಾನ್ ಎಂದುಕೊಂಡರೆ, ಆಲೂಗಡ್ಡೆಯ ಪಿಷ್ಟದ ದೊಡ್ಡ ಕಣಗಳು 100 ಮೈಕ್ರಾನ್‌ವರೆಗೂ ಇರುತ್ತವೆ. ಗೋಡೆಗಿಂತ ಇಟ್ಟಿಗೆಯೇ ದಪ್ಪ. ಮೆಕ್ಕೆಜೋಳದ್ದು ಸರಾಸರಿ 15 ಮೈಕ್ರಾನ್ ಆಸುಪಾಸು. ಅಕ್ಕಿಯದು ಇವೆರಡಕ್ಕಿಂತಲೂ ಚಿಕ್ಕದು, 3ರಿಂದ 8 ಮೈಕ್ರಾನ್.

ಈ ಕಣ ಎಂದರೇನು ಎಂದು ತಿಳಿಯಲು ಸೂಕ್ಷ್ಮದರ್ಶಕ ಬೇಕೆಂದಿಲ್ಲ. ಕರಾವಳಿ, ಮಲೆನಾಡುಗಳ ಮನೆಗಳಲ್ಲಿ ಕೂವೆ ಹಿಟ್ಟು ತೆಗೆಯುವುದನ್ನು ನೋಡಿದವರಿಗೆ ಅದು ಗೊತ್ತು. ಕೂವೆಗಡ್ಡೆಯನ್ನು ತೊಳೆದು, ಸಿಪ್ಪೆ ತೆಗೆದು, ಒರಟು ಕಲ್ಲಿನ ಮೇಲೆ ತೇಯುತ್ತಾರೆ. ತೇದದ್ದನ್ನು ನೀರಿನಲ್ಲಿ ಕದಡಿ ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸಿದರೆ ನಾರು ಮೇಲುಳಿಯುತ್ತದೆ, ಹಾಲಿನಂಥ ನೀರು ಕೆಳಗಿಳಿಯುತ್ತದೆ. ಪಾತ್ರೆಯನ್ನು ಅಲುಗಾಡಿಸದೆ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಳದಲ್ಲಿ ಕಲ್ಲಿನಂತೆ ಗಟ್ಟಿಯಾದ ಬಿಳಿ ಪದರ. ಮೇಲಿನ ಮಾಸಲು ನೀರು ಬಸಿದು ಹೊಸ ನೀರು ಹೊಯ್ದು ಮತ್ತೆ ಕದಡುವುದು, ಮತ್ತೆ ಕಾಯುವುದು. ನೀರು ತಿಳಿಯಾಗುವ ತನಕ ಹೀಗೆ ನಡೆಯುತ್ತದೆ. ಕೊನೆಗೆ ಬಿಸಿಲಲ್ಲಿ ಬಟ್ಟೆ ಹಾಸಿ ಒಣಗಿಸಿದ ಪುಡಿಯನ್ನು ಎರಡು ಬೆರಳಿನ ನಡುವೆ ತಿಕ್ಕಿದರೆ ಕಿರ್ ಎನ್ನುತ್ತದೆ. ಹಾಗೆ ಸದ್ದು ಮಾಡುವುದು ಒಂದಕ್ಕೊಂದು ಉಜ್ಜುವ ಕೋಟ್ಯಂತರ ಕಣಗಳು. ತಣ್ಣೀರಿಗೆ ಹಾಕಿದರೆ ಅವು ಕರಗುವುದಿಲ್ಲ, ಮುಳುಗಿ ಕೂರುತ್ತವೆ. ಒಲೆಯ ಮೇಲಿಟ್ಟು ಕೈಯಾಡಿಸುತ್ತ ಹೋದರೆ 60-70 ಡಿಗ್ರಿಯ ಹೊತ್ತಿಗೆ ಒಂದು ಕ್ಷಣ ಬರುತ್ತದೆ. ಬಿಳಿ ನೀರು ಇದ್ದಕ್ಕಿದ್ದಂತೆ ಪಾರದರ್ಶಕವಾಗಿ, ಗಟ್ಟಿಯಾಗಿ, ಸೌಟಿಗೆ ಅಂಟುತ್ತದೆ. ಕೂವೆ ಹಿಟ್ಟಿನ ಮಣ್ಣಿ ಕಾಸುವ ಹೆಂಗಸರು ಕಾಯುವುದು ಆ ಕ್ಷಣಕ್ಕೆ. ಆಗ ಕಣ ನೀರು ಕುಡಿದು ಉಬ್ಬಿ, ಒಡೆದು, ಒಳಗೆ ಸುರುಳಿ ಸುತ್ತಿಕೊಂಡಿದ್ದ ಸಕ್ಕರೆಯ ಸರಪಳಿಗಳು ಹೊರಗೆ ಬಂದಿರುತ್ತವೆ.

ರೋಮಿನ ಕೇಟೋ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ವಿಧಾನವಿದೆ: ಗೋಧಿಯನ್ನು ಹತ್ತು ದಿನ ನೆನೆಹಾಕಿ, ಹಿಂಡಿ, ಸೋಸಿ, ಬಿಸಿಲಿಗಿಡುವುದು. ಗ್ರೀಕರು ಅದನ್ನು ‘ಅಮೈಲಾನ್’ ಎಂದರು, ಬೀಸುಕಲ್ಲಿಗೆ ಹಾಕದ ಹಿಟ್ಟು ಎಂಬ ಅರ್ಥದಲ್ಲಿ. ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ಬರುವ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಹೆಸರುಗಳ ಬೇರು ಆ ಬೀಸದ ಹಿಟ್ಟಿನಲ್ಲಿದೆ. ಅಮೈಲೋಸ್ ನೇರ ಸರಪಳಿ, ಅಮೈಲೋಪೆಕ್ಟಿನ್ ಪೊದೆಯಂತೆ ಕವಲೊಡೆದದ್ದು. ಸಾಮಾನ್ಯ ಪಿಷ್ಟದಲ್ಲಿ ಮೊದಲನೆಯದು ಸುಮಾರು ಕಾಲು ಭಾಗ, ಉಳಿದದ್ದು ಎರಡನೆಯದು.

ನೀರಿಗೆ ಸೋಲುವ ಈ ಗುಣ ಪಿಷ್ಟದ ದೊಡ್ಡ ಉಪಕಾರವೂ ಹೌದು, ದೊಡ್ಡ ಕೊರತೆಯೂ ಹೌದು. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಹತ್ತಿಯ ಹಾಸಿನ ನೂಲಿಗೆ ಗಂಜಿ ಹಾಕದಿದ್ದರೆ ಮಗ್ಗದ ಏಟಿಗೆ ಎಳೆ ಜುಂಗಾಗಿ ಕಡಿಯುತ್ತದೆ. ಬಟ್ಟೆ ನೇಯ್ದಾದ ಮೇಲೆ ಒಂದು ಒಗೆತಕ್ಕೆ ಗಂಜಿ ಬಿಟ್ಟುಹೋಗಬೇಕು; ಹೋಗುತ್ತದೆ. ಅಲ್ಲಿ ನೀರು ಗೆಳೆಯ. ಆದರೆ 1564ರಲ್ಲಿ ಫ್ಲಾಂಡರ್ಸ್‌ನಿಂದ ಲಂಡನ್ನಿಗೆ ಬಂದ ಡಿಂಗನ್ ಎಂಬ ಹೆಂಗಸು ಶ್ರೀಮಂತರ ಮನೆಯ ಹೆಣ್ಣುಮಕ್ಕಳಿಗೆ ದುಬಾರಿ ಶುಲ್ಕ ಪಡೆದು ಕಲಿಸಿದ ವಿದ್ಯೆ ಬೇರೆಯದು. ಕುತ್ತಿಗೆಯ ಸುತ್ತ ತಟ್ಟೆಯಂತೆ ನಿಲ್ಲುವ ನೆರಿಗೆಯ ಕಾಲರಿಗೆ ಗಂಜಿ ಹಾಕುವುದು ಹೇಗೆ ಎಂದು ಆಕೆ ಕಲಿಸುತ್ತಿದ್ದಳು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1583ರಲ್ಲಿ, ಫಿಲಿಪ್ ಸ್ಟಬ್ಸ್ ಎಂಬ ಧರ್ಮನಿಷ್ಠ ಲೇಖಕ ಆ ಗಂಜಿಯನ್ನು ಸೈತಾನನ ದ್ರವವೆಂದು ಬೈದ. ಒಂದು ಮಳೆ ಬಂದರೆ ಸಾಕು, ಆ ಕಾಲರುಗಳೆಲ್ಲ ಹೆಗಲ ಮೇಲೆ ಪಾತ್ರೆ ಒರೆಸುವ ಚಿಂದಿಯಂತೆ ಬೀಳುತ್ತವೆ ಎಂದು ಆಡಿಕೊಂಡ. ಪಿಷ್ಟದಿಂದ ವಸ್ತು ಮಾಡಲು ಹೊರಟ ಪ್ರತಿಯೊಬ್ಬರೂ ಮುಂದಿನ ನಾಲ್ಕು ಶತಮಾನ ಆ ಮಳೆಯ ಜೊತೆಗೇ ಸೆಣಸಿದರು.

ಸೆಣಸಾಟದ ದಾರಿ ಪಿಷ್ಟವನ್ನು ಬೇರೇನಾಗಿಯಾದರೂ ಮಾರ್ಪಡಿಸುವುದು. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗಾಟ್ಲೀಬ್ ಕಿರ್ಕಾಫ್ ಅಂಟಿಗೆ ಬದಲಿ ಹುಡುಕುತ್ತ ಪಿಷ್ಟವನ್ನು ಆಮ್ಲದ ಜೊತೆ ಕುದಿಸಿದರು, ಸಿಹಿ ಪಾಕ ಸಿಕ್ಕಿತು. ಹತ್ತು ವರ್ಷದ ಮೇಲೆ, 1821ರಲ್ಲಿ, ಡಬ್ಲಿನ್ನಿನ ಬಟ್ಟೆ ಗಿರಣಿಯೊಂದಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಸುರಿದ ನೀರಿನಲ್ಲಿ, ಕಂದುಬಣ್ಣಕ್ಕೆ ಹುರಿದುಹೋಗಿದ್ದ ಪಿಷ್ಟ ಸಲೀಸಾಗಿ ಕರಗಿ ಅಂಟಾಗಿತ್ತು ಎಂಬುದನ್ನು ಕೆಲಸಗಾರನೊಬ್ಬ ಗಮನಿಸಿದನೆಂದು ಆ ಕಸುಬಿನ ಇತಿಹಾಸ ಹೇಳುತ್ತದೆ. ‘ಬ್ರಿಟಿಷ್ ಗಮ್’ ಎಂಬ ಹೆಸರಿನಲ್ಲಿ ಅದು ಬಟ್ಟೆಗೆ ಬಣ್ಣದಚ್ಚು ಹಾಕುವವರ ಕೈ ಸೇರಿತು, ಮುಂದೆ ಲಕೋಟೆ ಮತ್ತು ಅಂಚೆಚೀಟಿಗಳ ಬೆನ್ನಿಗೂ ಹತ್ತಿತು. ಆ ಕೆಲಸಗಾರನ ಹೆಸರು ದಾಖಲೆಯಲ್ಲಿ ಉಳಿಯಲಿಲ್ಲ. ಪಿಷ್ಟವನ್ನು ಹುರಿದು, ಆಮ್ಲ ತೋರಿಸಿ, ಬ್ಲೀಚ್ ಮಾಡಿ ಬೇಕಾದ ಗುಣಕ್ಕೆ ಒಗ್ಗಿಸುವ ಇಡೀ ಉದ್ಯಮ ಅವನ ಕಣ್ಣೋಟದ ಋಣದಲ್ಲಿದೆ.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ಉದ್ಯಮಕ್ಕೆ ಸರ್ಕಾರದ ಬೆನ್ನೆಲುಬು ಸಿಕ್ಕಿತು. ಹೆಚ್ಚು ಬೆಳೆದು ಬೆಲೆ ಕುಸಿದ ಬೆಳೆಗಳಿಗೆ ಹೊಸ ಉಪಯೋಗ ಹುಡುಕಲೆಂದು 1938ರ ಕಾಯಿದೆಯೊಂದರ ಅಡಿ ನಾಲ್ಕು ಪ್ರಾದೇಶಿಕ ಪ್ರಯೋಗಾಲಯಗಳು ಹುಟ್ಟಿದವು. ಇಲಿನಾಯ್ ರಾಜ್ಯದ ಪಿಯೋರಿಯಾದ ಪ್ರಯೋಗಾಲಯದ ಪಾಲಿಗೆ ಬಂದದ್ದು ಮೆಕ್ಕೆಜೋಳ. ಎರಡನೆಯ ಮಹಾಯುದ್ಧದಲ್ಲಿ ಪೆನಿಸಿಲಿನ್ ಅನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುವ ದಾರಿ ಕಂಡದ್ದೂ ಇಲ್ಲೇ, ಮೆಕ್ಕೆಜೋಳ ನೆನೆಸಿದ ನೀರಿನ ಸಹಾಯದಿಂದ. ಅಲ್ಲಿಯ ಫೀಲಿಕ್ಸ್ ಓಟಿ 1970ರ ದಶಕದಲ್ಲಿ ಗ್ರಿಫಿನ್‌ಗಿಂತ ಬೇರೆ ದಾರಿ ಹಿಡಿದರು. ಕಣವನ್ನು ಕಣವಾಗಿಯೇ ಉಳಿಸುವ ಬದಲು ಅದನ್ನು ಬೇಯಿಸಿ ಒಡೆದು, ಎಥಿಲೀನ್ ಮತ್ತು ಅಕ್ರಿಲಿಕ್ ಆಮ್ಲ ಎರಡೂ ಇರುವ ಒಂದು ಪ್ಲಾಸ್ಟಿಕ್ಕಿನ ಜೊತೆ ಬೆರೆಸಿದರು. ಆ ಪ್ಲಾಸ್ಟಿಕ್ಕಿನ ಒಂದು ಭಾಗ ಪಿಷ್ಟದತ್ತ, ಇನ್ನೊಂದು ಎಣ್ಣೆಯತ್ತ ಕೈಚಾಚುತ್ತದೆ. ಹೊಲದಲ್ಲಿ ಸಾಲಿನ ಮೇಲೆ ಹೊದಿಸುವ ಹಾಳೆ ಅವರ ಗುರಿಯಾಗಿತ್ತು. ಬೆಳೆ ಮುಗಿದ ಮೇಲೆ ರೈತ ಅದನ್ನು ಆರಿಸುತ್ತ ಕೂರಬಾರದು, ಉಳುಮೆಯಲ್ಲೇ ಮಣ್ಣಿಗೆ ಸೇರಿಬಿಡಬೇಕು. ತುಂಬ ಒಳ್ಳೆಯ ಗುರಿ ಅದು. ಇವತ್ತಿಗೂ ಟೊಮೆಟೊ, ಕಲ್ಲಂಗಡಿ ಹೊಲಗಳ ಬದುವಿನಲ್ಲಿ ಹರಿದ ಕಪ್ಪು ಮಲ್ಚಿಂಗ್ ಹಾಳೆ ಗಾಳಿಗೆ ಹಾರುವುದನ್ನು ಕಂಡವರಿಗೆ ಓಟಿ ಯಾಕೆ ಹಟ ಹಿಡಿದರೆಂದು ವಿವರಿಸಬೇಕಾಗಿಲ್ಲ.

ಪ್ರಯೋಗಾಲಯದಿಂದ ಮಾರುಕಟ್ಟೆಗೆ ಬರುವಷ್ಟರಲ್ಲಿ ವಿಷಯ ಕೆಟ್ಟಿತು. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಕಸ ಸುರಿಯಲು ಜಾಗವಿಲ್ಲವೆಂಬ ಆತಂಕ ಹಬ್ಬಿತ್ತು, ಜೋಳ ಬೆಳೆಗಾರರ ಸಂಘಗಳಿಗೆ ಹೊಸ ಮಾರುಕಟ್ಟೆ ಬೇಕಿತ್ತು. ಪಾಲಿಥೀನಿಗೆ ಅಷ್ಟಿಷ್ಟು ಪಿಷ್ಟ ಬೆರೆಸಿದ ಚೀಲಗಳು ‘ಕೊಳೆಯುತ್ತವೆ’ ಎಂಬ ಹಣೆಪಟ್ಟಿ ಹೊತ್ತು ಬಂದವು. ಬಿಸಿಲಿಗೆ ಪುಡಿಯಾಗುವ ರಾಸಾಯನಿಕ ಬೆರೆಸಿದವೂ ಅದೇ ಹೆಸರಿನಲ್ಲಿ ಬಂದವು. ಸೂಕ್ಷ್ಮಜೀವಿಗಳು ಪಿಷ್ಟವನ್ನು ತಿಂದವು, ಅದೂ ಹಾಳೆಯ ಮೇಲ್ಮೈಯಲ್ಲಿ ಕೈಗೆಟಕಿದಷ್ಟನ್ನು ಮಾತ್ರ. ಹತ್ತರಲ್ಲಿ ಒಂದು ಪಾಲು ಪಿಷ್ಟವಿದ್ದರೆ ಪ್ರತಿ ಕಣದ ಸುತ್ತಲೂ ಪಾಲಿಥೀನಿನ ಗೋಡೆ. ಒಳಗಿನ ಕಣಕ್ಕೆ ದಾರಿಯೇ ಇಲ್ಲ. ಉಳಿದ ಒಂಬತ್ತು ಪಾಲು ಪಾಲಿಥೀನ್ ಹೆಚ್ಚೆಂದರೆ ಚೂರಾಯಿತು, ಕೊಳೆಯಲಿಲ್ಲ. ಗಾಳಿ-ಬೆಳಕು ಇಲ್ಲದ ಕಸದ ಗುಡ್ಡದ ಹೊಟ್ಟೆಯಲ್ಲಂತೂ ಚೂರೂ ಆಗಲಿಲ್ಲ. 1990ರಲ್ಲಿ ಹಲವು ರಾಜ್ಯಗಳ ಅಟಾರ್ನಿ ಜನರಲ್‌ಗಳು ಇಂಥ ಹಣೆಪಟ್ಟಿಗಳ ವಿರುದ್ಧ ಮೊಕದ್ದಮೆ ಹೂಡಿದರು. 1992ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಪರಿಸರದ ಹೆಸರಿನ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ಪಿಷ್ಟದ ಹೆಸರಿಗೆ ಹತ್ತಿದ ಆ ಕಳಂಕ ತೊಳೆಯಲು ವರ್ಷಗಳೇ ಬೇಕಾದವು. ಇಂದಿಗೂ ‘ಬಯೋ’ ಎಂಬ ಎರಡಕ್ಷರ ಕಂಡರೆ ಅನುಮಾನಿಸುವವರು ತಪ್ಪು ಮಾಡುತ್ತಿಲ್ಲ. ಚೂರಾಗುವುದು ಬೇರೆ, ಮಣ್ಣಾಗುವುದು ಬೇರೆ.

ಅದೇ ಹೊತ್ತಿಗೆ ಔಷಧದ ಜಗತ್ತಿನಿಂದ ಇನ್ನೊಂದು ಎಳೆ ಬಂದು ಸೇರಿತು. ಮಾತ್ರೆಯ ಕ್ಯಾಪ್ಸೂಲ್ ಜೆಲಟಿನ್‌ನದು, ಜೆಲಟಿನ್ ಬರುವುದು ಪ್ರಾಣಿಗಳ ಎಲುಬು-ಚರ್ಮದಿಂದ. ಅದರ ಬದಲು ಪಿಷ್ಟದ ಕ್ಯಾಪ್ಸೂಲನ್ನು ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಹಾಕಿ ಎರಕ ಹೊಯ್ಯಲು ಬರುತ್ತದೆಯೇ ಎಂದು ವಾರ್ನರ್-ಲ್ಯಾಂಬರ್ಟ್ ಕಂಪನಿಗಾಗಿ ಫ್ರಿಟ್ಸ್ ವಿಟ್ವರ್ ಮತ್ತು ಇವಾನ್ ತೊಮ್ಕಾ ಯತ್ನಿಸಿದರು. ಒಣ ಪಿಷ್ಟವನ್ನು ಕಾಯಿಸಿದರೆ ಕರಗುವುದಿಲ್ಲ, ಕರಕಲಾಗುತ್ತದೆ. ಇವರು ಸ್ವಲ್ಪವೇ ನೀರು ಉಳಿಸಿ, ಅದು ಆವಿಯಾಗಿ ಓಡದಂತೆ ಒತ್ತಡದಲ್ಲಿ ಬಂಧಿಸಿ ಕಾಯಿಸಿದರು. ಕಣದ ಹರಳುಗಳು ಕಳಚಿ, ಇಡೀ ಪಿಷ್ಟ ಪ್ಲಾಸ್ಟಿಕ್ಕಿನಂತೆ ಹರಿಯಿತು. ಪೇಟೆಂಟ್ ಬಂದದ್ದು 1987ರಲ್ಲಿ. ಅದೇ ಪಾಠದಿಂದ ಕಂಪನಿ ‘ನೊವೊನ್’ ಎಂಬ ಪಿಷ್ಟದ ಪ್ಲಾಸ್ಟಿಕ್ಕನ್ನು 1990ರಲ್ಲಿ ಹೊರತಂದಿತು, 1993ರಲ್ಲಿ ಕೈಬಿಟ್ಟಿತು. ಆದರೆ ಗುಟ್ಟು ಬಯಲಾಗಿತ್ತು: ನೀರಿನ ಜೊತೆಗೋ ನೀರಿನ ಬದಲಿಗೋ ಗ್ಲಿಸರಿನ್ ಹಾಕಿ, ಚಕ್ಕುಲಿ ಒರಳಿಗೆ ತಿರುಪು ಜೋಡಿಸಿದಂತಿರುವ ಎಕ್ಸ್‌ಟ್ರೂಡರ್‌ನಲ್ಲಿ ನಾದುತ್ತ ಕಾಯಿಸಿದರೆ ಯಾವ ಪಿಷ್ಟವೂ ಮೆತುವಾಗಿ ಹೊರಬರುತ್ತದೆ.

ಮೆತುವಾಗಿ ಬರುತ್ತದೆ, ಹಾಗೇ ಉಳಿಯುವುದಿಲ್ಲ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಬಿರುಸಾಗುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಈ ಪ್ಲಾಸ್ಟಿಕ್ ವಾರಗಳಲ್ಲಿ ಸೆಟೆದು ಬಿರುಕು ಬಿಡುತ್ತದೆ. ಬಿಡಿಸಿಟ್ಟ ಸರಪಳಿಗಳು ಮತ್ತೆ ಒಂದರ ಪಕ್ಕ ಒಂದು ಸಾಲುಗಟ್ಟಿ ಹರಳಾಗುತ್ತವೆ. ಮಳೆಗಾಲದ ಗಾಳಿಯಲ್ಲಿ ಇದಕ್ಕೆ ವಿರುದ್ಧವಾಗಿ ತೇವ ಹೀರಿ ಜೋಲುತ್ತದೆ. ಪಿಷ್ಟ ಒಂಟಿಯಾಗಿ ಬಾಳದು, ಜೊತೆಗಾರ ಬೇಕು. ಆ ಜೊತೆಗಾರ ಪಾಲಿಥೀನ್ ಆಗಬಾರದು, ಅದೂ ಮಣ್ಣಾಗುವಂಥದ್ದೇ ಆಗಬೇಕು.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಇಟಲಿಯ ನೊವಾರಾ ಊರಿನ ನೊವಾಮಾಂಟ್. ಕತಿಯಾ ಬಾಸ್ತಿಯೋಲಿ ಎಂಬ ರಸಾಯನವಿಜ್ಞಾನಿಯ ನೇತೃತ್ವದಲ್ಲಿ 1990ರ ಹೊತ್ತಿಗೆ ಅಲ್ಲಿ ‘ಮಾಟರ್-ಬಿ’ ತಯಾರಾಯಿತು. ಮಣ್ಣಿನಲ್ಲಿ ಕೊಳೆಯುವ ಪಾಲಿಎಸ್ಟರ್‌ಗಳ ಜೊತೆ ಪಿಷ್ಟವನ್ನು ಹೆಣೆದು, ಅಮೈಲೋಸ್ ಸುರುಳಿಯೊಳಗೆ ಇನ್ನೊಂದರ ಸರಪಳಿ ತೂರಿ ಕೂರುವಂತೆ ಮಾಡಿದ್ದು ಅದರ ಬಲ. ಬಾಸ್ತಿಯೋಲಿ ಮತ್ತು ಅವರ ಸಂಗಡಿಗರಿಗೆ 2007ರಲ್ಲಿ ಯುರೋಪಿನ ಇನ್ವೆಂಟರ್ ಪ್ರಶಸ್ತಿ ಬಂತು. 2011ರ ಜನವರಿ 1ರಿಂದ ಇಟಲಿ ಗೊಬ್ಬರವಾಗದ ತೆಳು ಕೈಚೀಲಗಳನ್ನು ನಿಷೇಧಿಸಿತು. ಮುಂದಿನ ವರ್ಷಗಳಲ್ಲಿ ಮಿಲಾನ್ ನಗರ ಮನೆಮನೆಯ ಅಡುಗೆ ಕಸವನ್ನು ಇಂಥ ಚೀಲಗಳಲ್ಲಿ ಬೇರೆಯಾಗಿಯೇ ಸಂಗ್ರಹಿಸತೊಡಗಿತು. ಚೀಲ, ಕಾನೂನು, ಕಸದ ಗಾಡಿ, ಗೊಬ್ಬರದ ಘಟಕ ನಾಲ್ಕೂ ಒಟ್ಟಿಗೆ ಇದ್ದದ್ದರಿಂದ ಅಲ್ಲಿ ಅದು ನಡೆಯಿತು.

ಹಣೆಪಟ್ಟಿಯ ಗೊಂದಲಕ್ಕೂ ಇಷ್ಟರಲ್ಲಿ ಅಳತೆಗೋಲು ಬಂದಿತ್ತು. ಅಮೆರಿಕದಲ್ಲಿ 1999ರಲ್ಲಿ, ಯುರೋಪಿನಲ್ಲಿ 2000ದಲ್ಲಿ ಮಾನದಂಡಗಳು ಹೊರಬಿದ್ದವು. ಯುರೋಪಿನ ಪರೀಕ್ಷೆ ಸರಳವಾಗಿ ಹೇಳುವುದಾದರೆ ಹೀಗೆ: ಬಿಸಿ ಗೊಬ್ಬರದ ರಾಶಿಯಲ್ಲಿ 12 ವಾರ ಇಟ್ಟು 2 ಮಿಲಿಮೀಟರ್ ಜರಡಿಯಲ್ಲಿ ಜಾಲಿಸಿದರೆ ಹತ್ತರಲ್ಲಿ ಒಂಬತ್ತು ಪಾಲು ಕೆಳಗೆ ಬೀಳಬೇಕು, 6 ತಿಂಗಳೊಳಗೆ ಅದರ ಇಂಗಾಲದ ಶೇಕಡ 90 ಸೂಕ್ಷ್ಮಜೀವಿಗಳ ಉಸಿರಾಗಿ, ಇಂಗಾಲದ ಡೈಆಕ್ಸೈಡ್ ಆಗಿ ಹೊರಬಂದಿರಬೇಕು. ಪಾಲಿಥೀನ್ ಬೆರೆಸಿದ ಹಳೆಯ ಚೀಲಗಳು ಇಲ್ಲಿ ನಿಲ್ಲಲಾರವು.

ಕರ್ನಾಟಕ ಈ ಕಥೆಯೊಳಗೆ ಬರುವುದು 2016ರ ಮಾರ್ಚ್‌ನಲ್ಲಿ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಬ್ಯಾನರ್‌ಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ರಾಜ್ಯ ಸರ್ಕಾರ ಆಗ ನಿಷೇಧಿಸಿತು. ಅದೇ ತಿಂಗಳು ಬಂದ ಕೇಂದ್ರದ ನಿಯಮಗಳು ಗೊಬ್ಬರವಾಗುವ ಪ್ಲಾಸ್ಟಿಕ್ ಚೀಲಕ್ಕೆ ದಪ್ಪದ ಮಿತಿಯಿಂದ ವಿನಾಯಿತಿ ಕೊಟ್ಟು, ಐಎಸ್/ಐಎಸ್ಒ 17088 ಮಾನದಂಡಕ್ಕೆ ಒಪ್ಪಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು ಎಂದವು. ಇದಕ್ಕೆ ಬೇಕಾದ ಕಚ್ಚಾ ಮಾಲು ಈ ನೆಲಕ್ಕೆ ಹೊಸದಲ್ಲ. ದಾವಣಗೆರೆ, ಹಾವೇರಿಯ ಹೊಲಗಳ ತುಂಬ ಮೆಕ್ಕೆಜೋಳವಿದೆ, ಗೋಕಾಕದಲ್ಲಿ ಅದರಿಂದ ಪಿಷ್ಟ ತೆಗೆಯುವ ಕಾರ್ಖಾನೆಯಿದೆ. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವ ರೀತಿ ಕೂವೆಯದೇ ದೊಡ್ಡ ರೂಪ: ಕಾಳನ್ನು ಗಂಧಕದ ಡೈಆಕ್ಸೈಡ್ ಬೆರೆತ ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನ ನೆನೆಸಿ, ಮೊಳಕೆಯ ಭಾಗ, ನಾರು, ಅಂಟುಪ್ರೋಟೀನುಗಳನ್ನು ಒಂದೊಂದಾಗಿ ಬೇರ್ಪಡಿಸಿ, ರಾತ್ರಿಯಿಡೀ ಕಾಯುವ ಬದಲು ಗರಗರ ತಿರುಗುವ ಯಂತ್ರದಲ್ಲಿ ಕ್ಷಣಾರ್ಧದಲ್ಲಿ ತಳಕ್ಕಿಳಿಸುತ್ತಾರೆ. ಆ ಪಿಷ್ಟದ ಹಳೆಯ ಗಿರಾಕಿಗಳು ಬಟ್ಟೆ, ಕಾಗದ, ಔಷಧ, ತಿಂಡಿಯವರು. ಪ್ಲಾಸ್ಟಿಕ್ಕಿನವರು ಹೊಸಬರು.

ಈ ಹೊಸಬರು ಪಿಷ್ಟವನ್ನು ಬೆರೆಸುವುದು ಮುಖ್ಯವಾಗಿ ಇಬ್ಬರು ಜೊತೆಗಾರರಿಗೆ. ಒಬ್ಬರು ಪಿಬಿಎಟಿ ಎಂಬ ಮೆತ್ತನೆಯ ಪಾಲಿಎಸ್ಟರ್, ಚೀಲಕ್ಕೆ ಹೇಳಿ ಮಾಡಿಸಿದ್ದು. ಇನ್ನೊಬ್ಬರು ಪಿಎಲ್ಎ, ಪಿಷ್ಟದ ಸಕ್ಕರೆಯನ್ನು ಹುಳಿ ಬರಿಸಿ ಪಡೆದ ಲ್ಯಾಕ್ಟಿಕ್ ಆಮ್ಲದ, ಅಂದರೆ ಮೊಸರಿನ ಹುಳಿಯ, ಸರಪಳಿ. ಗಾಜಿನಂತೆ ಹೊಳೆಯುತ್ತದೆ, ಗಾಜಿನಂತೆಯೇ ಬಾಗದೆ ಮುರಿಯುತ್ತದೆ. ಇಬ್ಬರೂ ಪಿಷ್ಟಕ್ಕಿಂತ ದುಬಾರಿ, ಆದ್ದರಿಂದ ಪಿಷ್ಟ ಹೆಚ್ಚಾದಷ್ಟೂ ಚೀಲದ ಬೆಲೆ ಇಳಿಯುತ್ತದೆ. ಆದರೆ ಮಾರ್ಪಡಿಸದ ಪಿಷ್ಟ ಸೇರಿದಷ್ಟೂ ಚೀಲ ಸಡಿಲ. ಗ್ರಿಫಿನ್ ಕಂಡ ಆ ಸಂದು ಇಲ್ಲೂ ಇದೆ.

ಸಂದು ಮುಚ್ಚುವ ಕೆಲಸದಲ್ಲಿ ಭಾರತೀಯ ಮೂಲದ ರಮಣಿ ನಾರಾಯಣ್ ಅವರ ಹೆಸರು ದೊಡ್ಡದು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅವರ ಗುಂಪು ಎಕ್ಸ್‌ಟ್ರೂಡರ್‌ನೊಳಗೇ ಪಿಷ್ಟಕ್ಕೆ ಮಲೇಯಿಕ್ ಅನ್‌ಹೈಡ್ರೈಡ್ ಹಾಕಿತು. ಅದು ಪಿಷ್ಟದ ಸರಪಳಿಗೆ ಕೊಕ್ಕೆಯಂತೆ ತಗುಲಿಕೊಳ್ಳುತ್ತದೆ, ಜೊತೆಗೆ ತನ್ನ ಹುಳಿಯಿಂದ ಅದನ್ನು ಸ್ವಲ್ಪ ತುಂಡರಿಸಿ ತೆಳುಮಾಡುತ್ತದೆ. ಆಮೇಲೆ ಪಾಲಿಎಸ್ಟರ್ ಬಂದಾಗ ಗಡಿರೇಖೆಯಲ್ಲಿ ಎರಡೂ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಹಾಳೆ ಊದುವಾಗ ಹರಿಯದೆ ಹಿಗ್ಗುತ್ತದೆ. ‘ಕೊಳೆಯುತ್ತದೆ’ ಎಂಬ ಮಾತಿಗೆ ಅಮೆರಿಕದ ಮಾನದಂಡ ರೂಪಿಸುವುದರಲ್ಲಿಯೂ, ಸುಳ್ಳು ಹಣೆಪಟ್ಟಿಗಳನ್ನು ಬಯಲಿಗೆಳೆಯುವುದರಲ್ಲಿಯೂ ನಾರಾಯಣ್ ಮುಂದೆ ನಿಂತರು. ವಸ್ತು ಕಂಡುಹಿಡಿಯುವವರೇ ಅದರ ಸುಳ್ಳನ್ನೂ ಹಿಡಿಯಲು ನಿಲ್ಲುವುದು ಅಪರೂಪ. ಈ ಕ್ಷೇತ್ರಕ್ಕೆ ಅದು ಬಹಳ ಬೇಕಾಗಿತ್ತು.

ಇಷ್ಟಾದರೂ ಪಿಷ್ಟ ಈ ಬೆರಕೆಗಳಲ್ಲಿ ಬೆಲೆ ಇಳಿಸುವ ಪದಾರ್ಥವೇ ಆಗಿತ್ತು. ಅದು ಪ್ಲಾಸ್ಟಿಕ್ಕಿಗೆ ಬಲ ಕೊಡಬಲ್ಲದೇ, ಸಿಮೆಂಟಿಗೆ ಕಬ್ಬಿಣದ ಸರಳು ಕೊಟ್ಟ ಹಾಗೆ? ಇದಕ್ಕೆ ಉತ್ತರದ ಬೀಜ ಬಹಳ ಹಿಂದೆಯೇ ಬಿದ್ದಿತ್ತು. 1874ರಲ್ಲಿ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿ ಆಲೂಗಡ್ಡೆಯ ಪಿಷ್ಟವನ್ನು ತೆಳು ಗಂಧಕಾಮ್ಲದಲ್ಲಿ ಬಹಳ ದಿನ ಮುಳುಗಿಸಿಟ್ಟರು. ಆಮ್ಲ ಕಣದ ಹೆಚ್ಚಿನ ಭಾಗವನ್ನು ಕರಗಿಸಿ ತಿಂದಿತು, ಆದರೆ ತಳದಲ್ಲಿ ಏನೋ ಒಂದು ಉಳಿಯಿತು, ಎಷ್ಟು ಕಾದರೂ ಆಮ್ಲಕ್ಕೆ ಬಗ್ಗದೆ. ಹನ್ನೆರಡು ವರ್ಷದ ಮೇಲೆ ಲಿಂಟ್ನರ್ ಎಂಬವರು ಉಪ್ಪಿನಾಮ್ಲದಿಂದ ಇಂಥದ್ದೇ ಕೆಲಸ ಮಾಡಿ ಪ್ರಯೋಗಾಲಯಗಳಿಗೆ ಕರಗುವ ಪಿಷ್ಟ ಒದಗಿಸಿದರು. ನೇಗೆಲಿಯ ಆ ಉಳಿಕೆ ಸುಮಾರು 120 ವರ್ಷ ಪಿಷ್ಟದ ಒಳರಚನೆ ತಿಳಿಯುವವರ ಕುತೂಹಲವಾಗಿಯೇ ಇತ್ತು.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಆಲೈನ್ ದ್ಯುಫ್ರೆನ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಆ ಉಳಿಕೆಯನ್ನೇ ಒಂದು ಪ್ಲಾಸ್ಟಿಕ್ಕಿಗೆ ಬೆರೆಸಿ ಅದರ ಬಿಗಿ ಹೆಚ್ಚುವುದನ್ನು ತೋರಿಸಿದರು. ಆಮ್ಲ ತಿನ್ನಲಾರದೆ ಬಿಟ್ಟದ್ದು ಕಣದೊಳಗಿನ ಹರಳುಗಳನ್ನು. 2003ರಲ್ಲಿ ಅದೇ ಊರಿನ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರ ಕಂಡರು: 5ರಿಂದ 7 ನ್ಯಾನೋಮೀಟರ್ ದಪ್ಪದ, 20ರಿಂದ 40 ನ್ಯಾನೋಮೀಟರ್ ಉದ್ದದ ಪುಟ್ಟ ಹಲಗೆಗಳು. ಪ್ಲಾಸ್ಟಿಕ್ಕಿನೊಳಗೆ ಇವು ಹಂಚಿನಂತೆ ಹರಡಿಕೊಂಡರೆ ಹೊರಗಿನ ನೀರಾವಿ, ಆಮ್ಲಜನಕ ನೇರವಾಗಿ ದಾಟಲಾರದೆ ಸುತ್ತಿ ಬಳಸಿ ಹೋಗಬೇಕು. ರಬ್ಬರಿನಲ್ಲಿ ಬೆರೆಸಿದಾಗ ಬಿಗಿಯೂ ಹೆಚ್ಚಿತು, ಸೋರಿಕೆಯೂ ತಗ್ಗಿತು. ಟೈರಿನ ಲೋಕದಲ್ಲಿ ಇದಕ್ಕೂ ಮೊದಲೇ, 2001ರಲ್ಲಿ, ಗುಡ್‌ಇಯರ್ ಕಂಪನಿ ನೊವಾಮಾಂಟ್ ಜೊತೆ ಸೇರಿ ಕಪ್ಪು ಇಂಗಾಲದ ಪುಡಿಯ ಒಂದು ಪಾಲಿನ ಬದಲು ಮಾರ್ಪಡಿಸಿದ ಜೋಳದ ಪಿಷ್ಟ ಹಾಕಿದ ಟೈರನ್ನು ರಸ್ತೆಗಿಳಿಸಿತ್ತು.

ಈ ಹರಳಿಗೆ ಸಂಶೋಧಕರು ಆರಿಸಿಕೊಂಡ ಧಾನ್ಯದ ಹಿಂದೆಯೂ ಒಂದು ಪಯಣವಿದೆ. ಅದು ಮೇಣದ ಜೋಳ, ಸೀಳಿದರೆ ಒಳಗೆ ಮೇಣದಂತೆ ಮಬ್ಬಾಗಿ ಕಾಣುವ ಒಂದು ಮೆಕ್ಕೆಜೋಳ. ಅದರ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಅಮೈಲೋಪೆಕ್ಟಿನ್. 1908ರಲ್ಲಿ ಚೀನಾದಿಂದ ಒಬ್ಬ ಮಿಷನರಿ ಕಳಿಸಿದ ಬೀಜದಿಂದ ಅದು ಅಮೆರಿಕದ ತಜ್ಞರ ಕಣ್ಣಿಗೆ ಬಿತ್ತು. ಮೂರು ದಶಕ ಅದು ತಳಿವಿಜ್ಞಾನಿಗಳ ಪ್ರಯೋಗದ ಸಸ್ಯವಾಗಿತ್ತು ಅಷ್ಟೆ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಇಂದಿನ ಇಂಡೊನೇಷ್ಯಾವನ್ನು ಹಿಡಿದಾಗ ಅಲ್ಲಿಂದ ಅಮೆರಿಕಕ್ಕೆ ಬರುತ್ತಿದ್ದ ಮರಗೆಣಸಿನ ಪಿಷ್ಟ ನಿಂತಿತು. ಅದಕ್ಕೆ ಹತ್ತಿರದ ಗುಣ ಮೇಣದ ಜೋಳದಲ್ಲಿ ಇದೆಯೆಂದು ಗೊತ್ತಿದ್ದರಿಂದ ಅಯೋವಾದ ರೈತರು 1942ರಿಂದ ಅದನ್ನು ಹೊಲದಲ್ಲಿ ಬೆಳೆದರು.

ಮೇಣದ ಜೋಳದ ಪಿಷ್ಟವನ್ನು 40 ಡಿಗ್ರಿಯಲ್ಲಿ ಗಂಧಕಾಮ್ಲದೊಳಗೆ ಸದಾ ಕಲಕುತ್ತ 5 ದಿನ ಇಟ್ಟರೆ ಹರಳುಗಳು ಸಿಗುತ್ತವೆ ಎಂದು ಗ್ರೆನೋಬಲ್‌ನ ಗುಂಪು 2004ರಲ್ಲಿ ತೋರಿಸಿತು. ಹಳೆಯ ವಿಧಾನಕ್ಕೆ ವಾರಗಳೇ ಬೇಕಿದ್ದವು. ಆದರೂ ಹಾಕಿದ ಪಿಷ್ಟದ ಶೇಕಡ 15-16 ಮಾತ್ರ ಹರಳಾಗಿ ಕೈಗೆ ಬರುತ್ತದೆ. ಅಷ್ಟು ಕಷ್ಟಪಟ್ಟು ಪಡೆದ ಹರಳಿಗೂ ಹಳೆಯ ಚಾಳಿ: ನೀರಿನ ಮೋಹ. ಅದನ್ನು ಕಳೆಯಲು ಅದರ ಮೈಗೆ ಕೊಬ್ಬಿನಾಮ್ಲದ ಬಾಲಗಳನ್ನು ಕಸಿಮಾಡಿದರು, ಪಾಲಿಎಸ್ಟರಿನ ಸಣ್ಣ ಸರಪಳಿಗಳನ್ನು ಬೆಳೆಸಿದರು. 1953ರಲ್ಲಿ ಪೇಟೆಂಟ್ ಆಗಿ, ಎಣ್ಣೆ-ನೀರು ಬೇರೆಯಾಗದಂತೆ ಹಿಡಿದಿಡಲು ಆಹಾರೋದ್ಯಮದಲ್ಲಿ ಬಳಕೆಯಾಗುತ್ತಿದ್ದ ಸಕ್ಸಿನಿಕ್ ಅನ್‌ಹೈಡ್ರೈಡ್ ಜಾತಿಯ ಲೇಪವನ್ನೂ ಹಚ್ಚಿದರು. ಗ್ರಿಫಿನ್ 15 ಮೈಕ್ರಾನಿನ ಕಣಕ್ಕೆ ತೊಡಿಸಿದ ಅಂಗಿಯನ್ನು ಇವರು ಅದಕ್ಕಿಂತ ನೂರಾರು ಪಟ್ಟು ಚಿಕ್ಕ ಮೈಗೆ ಹೊಲಿದರು.

ಒಂದು ತೊಡಕು ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ. ನೀರಿನಲ್ಲಿ ತೇಲುವಾಗ ಈ ಹರಳುಗಳು ಬಿಡಿಬಿಡಿಯಾಗಿರುತ್ತವೆ. ಒಣಗಿಸಿದರೆ ಒಂದನ್ನೊಂದು ಹಿಡಿದು ಗಂಟುಕಟ್ಟುತ್ತವೆ, ಆಮೇಲೆ ಎಷ್ಟು ಕಲಸಿದರೂ ಬಿಡಿಸಿಕೊಳ್ಳುವುದಿಲ್ಲ. ಗಂಟಾದ ಹರಳು ಮತ್ತೆ ಮಾಮೂಲಿ ಪುಡಿಗೆ ಸಮ. ಹೀಗಾಗಿ ಪ್ರಯೋಗಾಲಯಗಳಲ್ಲಿ ಅವು ಫ್ರಿಜ್ಜಿನೊಳಗೆ, ಹಾಲಿನಂಥ ದ್ರವವಾಗಿ, ಬೂಷ್ಟು ಹಿಡಿಯದಂತೆ ಒಂದೆರಡು ತೊಟ್ಟು ಕ್ಲೋರೋಫಾರ್ಮ್ ಬೆರೆತು ಬಾಟಲಿಗಳಲ್ಲಿ ಕೂತಿರುತ್ತವೆ. ಹೊರಗೆ ಕಾಯುತ್ತಿರುವ ಪಿಎಲ್ಎಗೆ ನೀರು ಸೋಕಬಾರದು. ಬಿಸಿಯಲ್ಲಿ ನೀರು ಅದರ ಸರಪಳಿಯನ್ನು ಕತ್ತರಿಸುತ್ತದೆ. ಕೆಲವರು ಹರಳನ್ನು ಹಿಮಗಟ್ಟಿಸಿ ಒಣಗಿಸುತ್ತಾರೆ, ಕೆಲವರು ನೀರಿನ ಜಾಗಕ್ಕೆ ಹಂತಹಂತವಾಗಿ ಬೇರೆ ದ್ರಾವಕ ತರುತ್ತಾರೆ. ಇನ್ನು ಕೆಲವರು ನ್ಯಾನೋ ಹರಳಿನ ದ್ರವವನ್ನೇ ನೇರವಾಗಿ ಎಕ್ಸ್‌ಟ್ರೂಡರ್‌ನ ಹೊಟ್ಟೆಗೆ ಸುರಿದು, ಕರಗಿದ ಪ್ಲಾಸ್ಟಿಕ್ ಹರಳುಗಳನ್ನು ಹಿಡಿದುಕೊಳ್ಳುತ್ತಿದ್ದಂತೆ ಯಂತ್ರದ ನಡುವಿನ ಒಂದು ಕಿಂಡಿ ತೆರೆದು ನೀರನ್ನು ಆವಿಯಾಗಿ ಹೊರಗೆ ಬಿಡುತ್ತಾರೆ.